ಕೋವಿ ತಾನಾಗಿ ಹಾರಿತು, ಕಂಪನಿ ಕೈ ತೊಳೆದುಕೊಂಡಿತು: ದುರಸ್ತಿಗಾರರೊಂದಿಗೆ ಪ್ರಶ್ನೋತ್ತರ

(ಬೆಳೆಗಾರರ ಗುಂಪಿನಲ್ಲಿ ಈ ಭಾನುವಾರ ಉತ್ತರಿಸುವವರು ಪರವಾನಗಿ ಪಡೆದ ಕೋವಿ ದುರಸ್ತಿಗಾರರು. ಸದಸ್ಯರನ್ನು ಊರಿನ ಹೆಸರಿನಿಂದ ಗುರುತಿಸಲಾಗಿದೆ.)

ಪೊನ್ನಂಪೇಟೆ: ನಮಸ್ಕಾರ ಸರ್. ಹೋದ ವರ್ಷ ಕೊಂಡ ಹನ್ನೆರಡು ಬೋರಿನ ಜೋಡುನಳಿಗೆ ಕೋವಿ. ಕೊಡಗಿನಲ್ಲಿ ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ತೋಟಾ ತುಂಬಿ ನಳಿಗೆ ಮುಚ್ಚಿದೆ. ಟ್ರಿಗರ್ ಮುಟ್ಟುವ ಮೊದಲೇ ಎಡನಳಿಗೆ ಹಾರಿತು. ಸೇಫ್ಟಿ ಹಾಕಿಯೇ ಇತ್ತು. ಮೂತಿ ನೆಲದ ಕಡೆಗಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ತಯಾರಕರಿಗೆ ಕಳುಹಿಸಿದರೆ, ‘ದೋಷ ಕಂಡುಬಂದಿಲ್ಲ, ಬಳಕೆದಾರರ ಬೆರಳು ತಾಗಿರಬೇಕು’ ಎಂದು ಎರಡು ಸಾಲು ಬರೆದು ಹಿಂದಿರುಗಿಸಿದ್ದಾರೆ. ಮುಂದೇನು ಮಾಡಲಿ?

ದುರಸ್ತಿಗಾರರು: ಮೊದಲು ಆ ಕೋವಿಗೆ ತೋಟಾ ತುಂಬುವುದನ್ನು ನಿಲ್ಲಿಸಿ. ಹಬ್ಬ, ಹಂದಿ, ಆನೆ, ಏನೇ ಬರಲಿ.

ನಳಿಗೆ ಮುಚ್ಚುವಾಗಲೇ ಹಾರುವುದು ನನ್ನನ್ನು ನಿದ್ದೆಗೆಡಿಸುವ ದೋಷ. ಒಳಗೆ ತೋಟಾ ಹಾರಿಸಲು ಪೆಟ್ಟು ಕೊಡುವ ಹ್ಯಾಮರನ್ನು ತಡೆದು ನಿಲ್ಲಿಸುವುದು ಸಿಯರ್ ಎಂಬ ಸಣ್ಣ ಉಕ್ಕಿನ ತುಂಡು. ಅದರ ಅಂಚು ಸರಿಯಾಗಿ ಕೂರದಿದ್ದರೆ, ಅಥವಾ ಉಕ್ಕು ಮೆತ್ತಗಿದ್ದು ಬೇಗ ಸವೆದರೆ, ಸವೆದ ಚಿಲಕದ ಬಾಗಿಲು ಬಡಿದಾಗ ತೆರೆದುಕೊಳ್ಳುವ ಹಾಗೆ, ನಳಿಗೆ ಮುಚ್ಚಿದ ಪೆಟ್ಟಿಗೇ ಹ್ಯಾಮರ್ ಬಿಟ್ಟುಕೊಳ್ಳುತ್ತದೆ. ಸೇಫ್ಟಿ ಇತ್ತು ಎನ್ನುತ್ತೀರಿ. ಬಹುಪಾಲು ಜೋಡುನಳಿಗೆಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ, ಹ್ಯಾಮರನ್ನಲ್ಲ. ಆದ್ದರಿಂದ ಸೇಫ್ಟಿ ಇದ್ದೂ ಹಾರುವುದು ಸಾಧ್ಯ. ಇಷ್ಟು ತಿಳಿದ ಕಂಪನಿ ‘ಬೆರಳು ತಾಗಿರಬೇಕು’ ಎಂದು ಬರೆಯುವುದು ಅಜ್ಞಾನದಿಂದಲ್ಲ.

ಅಮೆರಿಕದ ರೆಮಿಂಗ್ಟನ್ 700 ಬೇಟೆ ರೈಫಲ್ಲಿನ ಕಥೆ ಇದೇ. ಟ್ರಿಗರ್ ಮುಟ್ಟದೆ ಹಾರಿತು ಎಂಬ ದೂರುಗಳು ದಶಕಗಟ್ಟಲೆ ಬಂದವು. ಆ ಟ್ರಿಗರನ್ನು ರೂಪಿಸಿದ ಮೈಕ್ ವಾಕರ್ ಅವರೇ 1948ರಲ್ಲಿ ಸುಧಾರಣೆಯೊಂದನ್ನು ಸೂಚಿಸಿದ್ದರು; ಖರ್ಚು ರೈಫಲ್ಲಿಗೆ ಐದೂವರೆ ಸೆಂಟ್. ಕಂಪನಿ ಕೇಳಲಿಲ್ಲ. ಕೊನೆಗೆ ಸಾಮೂಹಿಕ ದಾವೆಯಲ್ಲಿ ಲಕ್ಷಗಟ್ಟಲೆ ರೈಫಲ್ಲುಗಳ ಟ್ರಿಗರ್ ಬದಲಿಸಿಕೊಡಲು ಒಪ್ಪಿತು, ಆಗಲೂ ದೋಷವಿದೆ ಎಂದು ಒಪ್ಪದೆಯೇ. ಅಲ್ಲಿನ ಗ್ರಾಹಕ ಸುರಕ್ಷಾ ಆಯೋಗಕ್ಕೆ ಬಂದೂಕಿನ ಮೇಲೆ ಅಧಿಕಾರವೇ ಇಲ್ಲ. ನಮ್ಮಲ್ಲಿ ಗ್ರಾಹಕ ಆಯೋಗದ ಬಾಗಿಲಾದರೂ ಇದೆ.

ಮುಂದಿನ ದಾರಿ: ಕೋವಿಯನ್ನು ಬಿಚ್ಚಬೇಡಿ, ನನ್ನ ಕೈಗೂ ಈಗಲೇ ಕೊಡಬೇಡಿ. ಬಿಚ್ಚಿದ ಗುರುತು ಕಂಡರೆ ‘ಮಾರ್ಪಾಡು ಮಾಡಿದ್ದಾರೆ’ ಎಂದು ಅವರು ಜಾರಿಕೊಳ್ಳುತ್ತಾರೆ, ಗ್ರಾಹಕ ಕಾಯ್ದೆಯಲ್ಲಿ ಅದಕ್ಕೆ ಅವಕಾಶವೂ ಇದೆ. ಕ್ರಮಸಂಖ್ಯೆ, ಪ್ರೂಫ್ ಮುದ್ರೆ (ಒತ್ತಡದ ಪರೀಕ್ಷೆಯಲ್ಲಿ ಪಾಸಾದ ಗುರುತು), ಎಷ್ಟು ಮಿಲಿಮೀಟರ್ ಉದ್ದದ ತೋಟಾ ಹಾಕಬಹುದೆಂದು ಹೇಳುವ ನಳಿಗೆಯ ಮೇಲಿನ 65 ಅಥವಾ 70 ಎಂಬ ಗುರುತು, ಎಲ್ಲದರ ಚಿತ್ರ ತೆಗೆಯಿರಿ. ಹಾರಿದ ಖಾಲಿ ತೋಟಾ, ಅದೇ ಡಬ್ಬಿಯ ಉಳಿದ ತೋಟಾ ಜೋಪಾನವಾಗಿಡಿ. ಅಂಗಡಿಯವರನ್ನೂ ತಯಾರಕರನ್ನೂ ಸೇರಿಸಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಿ. ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ, ಅದನ್ನೇ ಬರವಣಿಗೆಯಲ್ಲಿ ಕೇಳಿ. ನಿಮ್ಮ ತೋಟಾ ಎಷ್ಟು ಉದ್ದದ್ದು?

ಸೋಮವಾರಪೇಟೆ: ವಾರಂಟಿ ಮುಗಿದಿದ್ದರೆ ದೂರು ಕೊಡಬಹುದೇ?

ದುರಸ್ತಿಗಾರರು: ಕೊಡಬಹುದು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ.

ಮೂಡಿಗೆರೆ: ಏರ್‌ಗನ್ ಯಾವುದು ಒಳ್ಳೆಯದು ಅಣ್ಣ? ಮಂಗಗಳ ಕಾಟ.

ಕಳಸ: ಪೊನ್ನಂಪೇಟೆಯವರಿಗೆ ಒಂದು ಸಂದೇಶ ಬಂದಿತ್ತು, ಹಾಕುತ್ತಿದ್ದೇನೆ: ‘ಕೋವಿ ತಾನಾಗಿ ಹಾರಿದರೆ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿ, ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಿಡಿ. ನೂರಕ್ಕೆ ನೂರು ಗ್ಯಾರಂಟಿ. ಎಲ್ಲರಿಗೂ ಹಂಚಿ.’

ದುರಸ್ತಿಗಾರರು: ದಯವಿಟ್ಟು ಯಾರಿಗೂ ಹಂಚಬೇಡಿ. ಕೊಬ್ಬರಿ ಎಣ್ಣೆ ನಮ್ಮ ಚಳಿಗೆ ಗಟ್ಟಿಯಾಗುತ್ತದೆ. ಸಿಯರಿನ ಸಂದಿಯಲ್ಲಿ ಗಟ್ಟಿಯಾದರೆ ಅದು ಪೂರ್ತಿ ಕೂರುವುದಿಲ್ಲ. ಇಲ್ಲದ ದೋಷವನ್ನು ತಂದಿಟ್ಟುಕೊಂಡ ಹಾಗಾಯಿತು.

ತೀರ್ಥಹಳ್ಳಿ: ನಮ್ಮ ಕಡೆಯ ಕೋವಿಯ ನಳಿಗೆ ಮೂತಿಯ ಹತ್ತಿರ ಉಂಗುರದಂತೆ ಉಬ್ಬಿದೆ. ಇದೂ ಕಂಪನಿಯ ತಪ್ಪಲ್ಲವೇ?

ದುರಸ್ತಿಗಾರರು: ಬಹುತೇಕ ಅಲ್ಲ. ಅಲ್ಲಿ ಏನೋ ಸಿಕ್ಕಿಕೊಂಡಿತ್ತು: ಕಣಜದ ಮಣ್ಣುಗೂಡು, ಬಟ್ಟೆ ಚೂರು, ಕೆಸರು. ಹಿಂಭಾಗದಲ್ಲಿ, ತೋಟಾ ಕೂರುವ ಕಡೆಯೇ ಒಡೆದಿದ್ದರೆ ಬೇರೆ ಮಾತು.

ಶಿರಸಿ: ಕೊಡಗಿನವರಿಗೆ ಪರವಾನಗಿಯೇ ಬೇಡ, ಹಬ್ಬಕ್ಕೆಂದು ಹಾರಿಸುತ್ತಾರೆ. ನಾವು ಅಡಿಕೆ ತೋಟಕ್ಕೊಂದು ಕೋವಿಗಾಗಿ ವರ್ಷಗಟ್ಟಲೆ ಅಲೆಯಬೇಕು.

ವಿರಾಜಪೇಟೆ: ವಿನಾಯಿತಿ ನಿನ್ನೆ ಮೊನ್ನೆ ಬಂದದ್ದಲ್ಲ, ಬ್ರಿಟಿಷರ ಕಾಲದ್ದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇದೆ, 2029ರವರೆಗೆ ಮುಂದುವರಿಸಿದ್ದಾರೆ. ಹೈಕೋರ್ಟ್ ಕೂಡ ಎತ್ತಿಹಿಡಿದಿದೆ.

ಶಿರಸಿ: ಅದೇ ಕೋವಿಯಲ್ಲಿ ರಾತ್ರಿ ಕಾಡಿಗೆ ಹೋಗುವುದಕ್ಕೂ ವಿನಾಯಿತಿ ಇದೆಯೇ? ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ವಿರಾಜಪೇಟೆ: ನಾನು ಬೇಟೆಯ ಮಾತು ಎತ್ತಿದೆನೇ? ನಾಲಿಗೆ ಬಿಗಿಹಿಡಿದು ಮಾತಾಡಿ.

ಕಳಸ: ಸರ್, ಇನ್ನೊಂದು ಸಂದೇಶ ಬಂದಿದೆ. ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಟ್ರಿಗರ್ ಹಗುರವಾಗುತ್ತದೆಯಂತೆ.

ದುರಸ್ತಿಗಾರರು: ತಾನಾಗಿ ಹಾರುವ ಕೋವಿಯ ಬಗ್ಗೆ ಮಾತಾಡುತ್ತಿರುವಾಗ ಟ್ರಿಗರ್ ಹಗುರ ಮಾಡುವ ಸಲಹೆ! ಆ ಸಂದೇಶ ಬರೆದವನು ಮೂತಿಯ ಮುಂದೆ ನಿಂತು ಬರೆದಿರಲಾರ.

ಸಕಲೇಶಪುರ: ವಾರಂಟಿ ಮುಗಿದಿದ್ದರೆ ದೂರು ಕೊಡಬಹುದೇ?

ದುರಸ್ತಿಗಾರರು: ಮೇಲೆ ಓದಿ.

ಮಡಿಕೇರಿ: ಚುನಾವಣೆಗೆ ಠಾಣೆಯಲ್ಲಿಟ್ಟ ಕೋವಿ ತುಕ್ಕು ಹಿಡಿದು ಬಂದಿದೆ. ಯಾರನ್ನು ಕೇಳಬೇಕು?

ಶಿರಸಿ: ಈಗ ಠಾಣೆಯ ಮೇಲೂ ದೂರು. ವಿನಾಯಿತಿ ಪಡೆದವರಿಗೆ ಎಷ್ಟಾದರೂ ಸಾಲದು.

ವಿರಾಜಪೇಟೆ: ನಿಮ್ಮ ಹೊಟ್ಟೆಕಿಚ್ಚಿಗೆ ಇಲ್ಲಿ ಔಷಧವಿಲ್ಲ.

ಪೊನ್ನಂಪೇಟೆ: ಸರ್, ತೋಟಾ 70 ಮಿಲಿಮೀಟರಿನದು, ನಳಿಗೆಯ ಮೇಲೂ 70 ಎಂದೇ ಇದೆ. ಕಂಪನಿಯವರು ಈಗ ಫೋನ್ ಮಾಡಿದ್ದರು. ದೂರು ಕೊಡುವುದಿಲ್ಲ ಎಂದು ಬರೆದುಕೊಟ್ಟರೆ ‘ಸೌಜನ್ಯಕ್ಕಾಗಿ’ ಒಳಭಾಗ ಬದಲಿಸಿಕೊಡುತ್ತಾರಂತೆ.

ದುರಸ್ತಿಗಾರರು: ದೋಷವೇ ಇಲ್ಲದ ಕೋವಿಯ ಒಳಭಾಗವನ್ನು ಏಕೆ ಬದಲಿಸುತ್ತಾರಂತೆ? ಫೋನಿನಲ್ಲಿ ಹೇಳಿದ್ದನ್ನು ಪತ್ರದಲ್ಲಿ ಕೇಳಿ. ಸಹಿ ಹಾಕಬೇಡಿ, ಕೋವಿಯನ್ನೂ ಕಳುಹಿಸಬೇಡಿ. ಹಳೆಯ ಸಿಯರ್ ಅವರ ಕೈಗೆ ಹೋದರೆ ನಿಮ್ಮ ಸಾಕ್ಷ್ಯವೂ ಹೋಯಿತು. ಶಿರಸಿ, ವಿರಾಜಪೇಟೆಯವರು ಬೇರೆ ಕಡೆ ಹೋಗಿ ಜಗಳವಾಡಿ.

ಮೂಡಿಗೆರೆ: ಏರ್‌ಗನ್ ಬಗ್ಗೆ ಕೇಳಿದ್ದೆ.