ಹಳೇ ಸೈಡ್ ಟೇಬಲ್ ತಗೊಳ್ಳೋ ಮುಂಚೆ ತಲೆಕೆಳಗೆ ಮಾಡಿ ನೋಡಿ

ಅತ್ತಿಗೆ, ನೀವು ಗ್ರೂಪಲ್ಲಿ ಹಾಕಿದ ಮೂರೂ ಫೋಟೋ ನೋಡಿದೆ. ಮೂರು ಕಾಲಿನ ದುಂಡು ಟೇಬಲ್, ಡ್ರಾಯರ್ ಇರೋ ಚೌಕ ಟೇಬಲ್, ಮತ್ತೆ ಹಿತ್ತಾಳೆ ಕಾಲಿನ ಮಾರ್ಬಲ್ ಟೇಬಲ್. ಸೋಫಾ ಪಕ್ಕಕ್ಕೆ ಯಾವುದು ಒಳ್ಳೇದು, ಮಾರೋರು ಮೂರೂ ನೂರು ವರ್ಷದ್ದು ಅಂತಿದ್ದಾರಲ್ಲ ಅದು ನಿಜವಾ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ.

ಮೂರೂ ಫೋಟೋದಲ್ಲಿ ಮೇಲಿನ ಹಲಗೆ ಮಾತ್ರ ಕಾಣ್ತಿದೆ. ಅದನ್ನ ಯಾರು ಬೇಕಾದ್ರೂ ಪಾಲಿಶ್ ಹೊಡೆದು ಹೊಳೆಸಬಹುದು. ಅಡಿಭಾಗ, ಡ್ರಾಯರಿನ ಹಿಂಬದಿ, ಕಾಲು ಬಂದು ಸೇರೋ ಜಾಗ, ಇವನ್ನ ಸಾಮಾನ್ಯವಾಗಿ ಯಾರೂ ಮುಟ್ಟೋಕೆ ಹೋಗಿರಲ್ಲ. ಟೇಬಲಿನ ವಯಸ್ಸು, ರಿಪೇರಿ, ಗಟ್ಟಿತನ ಎಲ್ಲಾ ಅಲ್ಲೇ ಗೊತ್ತಾಗೋದು. ತಲೆಕೆಳಗೆ ಮಾಡಿ ನೋಡೋಕೆ ಬಿಡದೇ ಇದ್ರೆ ತಗೋಬೇಡಿ.

ಅದಕ್ಕೂ ಮುಂಚೆ ಮನೇಲಿ ಟೇಪ್ ಹಿಡಿದು ಅಳೀರಿ. ಸೋಫಾ ಕೈ ಎಷ್ಟು ಎತ್ತರ ಇದೆಯೋ ಟೇಬಲ್ ಅಷ್ಟೇ ಇರಬೇಕು, ಇಲ್ಲಾಂದ್ರೆ ಒಂದೆರಡು ಇಂಚು ಕಮ್ಮಿ. ಜಾಸ್ತಿ ಆದ್ರೆ ಮೊಣಕೈ ಅಂಚಿಗೆ ತಾಗುತ್ತೆ, ಲೋಟ ಇಡುವಾಗ ಪ್ರತಿ ಸಲ ಕೈ ಎತ್ತಬೇಕು. ಇಲ್ಲೇ ತುಂಬಾ ಜನ ಎಡವೋದು. ಹಳೇ ಮೂರು ಕಾಲಿನ ಟೇಬಲ್‌ಗಳು ಎಷ್ಟೋ 27, 28 ಇಂಚು ಎತ್ತರ ಇರುತ್ತವೆ, ಈಗಿನ ಸೋಫಾ ಕೈ 22ರಿಂದ 25 ಇಂಚೊಳಗೇ ಮುಗಿಯುತ್ತೆ. ಆಮೇಲೆ ಕಾಲು ಕೊಯ್ಸೋಣ ಅನ್ನೋ ಯೋಚನೆ ಬೇಡ. ಒಳ್ಳೇ ಹಳೇ ಟೇಬಲಿನ ಬೆಲೆ ಅಲ್ಲಿಗೆ ಹೋಯ್ತು, ಆಕಾರವೂ ಕೆಟ್ಟಿತು.

ಅಂಗಡೀಲಿ ಸಮ ನೆಲದ ಮೇಲೆ ಇಟ್ಟು ಎರಡು ಕೈಲಿ ಅಂಚು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅಲ್ಲಾಡೋದ್ರಲ್ಲಿ ಎರಡು ಥರ. ಒಂದು ಕಾಲು ನೆಲ ಬಿಟ್ಟು ಟಕ್ ಟಕ್ ಅಂದ್ರೆ ಅದು ಕಾಲಿನ ಉದ್ದದ ತೊಂದರೆ, ಫೆಲ್ಟ್ (ದಪ್ಪ ಉಣ್ಣೆ ಬಟ್ಟೆ) ತುಂಡು ಅಂಟಿಸಿದ್ರೆ ಮುಗೀತು. ನಾಲ್ಕೂ ಕಾಲು ನೆಲದ ಮೇಲಿದ್ದು ಮೇಲ್ಗಡೆ ಮಾತ್ರ ಆ ಕಡೆ ಈ ಕಡೆ ವಾಲಿದ್ರೆ ಜಾಯಿಂಟು ಸಡಿಲ ಆಗಿದೆ ಅಂತ ಅರ್ಥ. ಹಳೇ ಕಾಲದ ಅಂಟು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ್ದು. ಅದು ಒಣಗಿ ಪುಡಿಯಾಗುತ್ತೆ, ಆದ್ರೆ ಬಿಸಿನೀರಿಗೆ ಕರಗುತ್ತೆ. ಜಾಯಿಂಟು ಬಿಚ್ಚಿ, ಹಳೇ ಅಂಟು ಪೂರ್ತಿ ತೊಳೆದು, ಒಣಗಿಸಿ, ಹೊಸ ಅಂಟು ಹಾಕಿ, ಅದುಮಿ ಹಿಡಿಯೋ ಕ್ಲಾಂಪ್ ಬಿಗಿದು ಒಂದು ದಿನ ಬಿಟ್ರೆ ಮತ್ತೆ ಗಟ್ಟಿ. ಹಳೇ ಅಂಟಿನ ಮೇಲೇ ಬಿಳಿ ಅಂಟು ಸುರಿದ್ರೆ ಹಿಡಿಯಲ್ಲ, ಯಾಕಂದ್ರೆ ಅದು ಮರಕ್ಕೆ ಅಂಟಬೇಕು, ಹಳೇ ಅಂಟಿಗಲ್ಲ. ಇನ್ನು ಯಾರೋ ಮೊಳೆ ಹೊಡೆದು, ಕಬ್ಬಿಣದ ಮೂಲೆಪಟ್ಟಿ ಹಾಕಿ ಬಿಗಿ ಮಾಡಿದ್ರೆ ಅದನ್ನ ಬಿಟ್ಟುಬಿಡಿ. ಮೊಳೆ ಹೊಕ್ಕ ಕಡೆ ಮರ ಸೀಳಿರುತ್ತೆ, ಜಾಯಿಂಟು ಹಾಳಾಗದ ಹಾಗೆ ಬಿಚ್ಚೋದು ಕಷ್ಟ.

ಈಗ ವಯಸ್ಸಿನ ವಿಷಯ. ಸಾಮಾನ್ಯವಾಗಿ 100 ವರ್ಷ ದಾಟಿದ್ದನ್ನ ಆಂಟಿಕ್ ಅಂತ ಮಾರ್ತಾರೆ, ಅದಕ್ಕಿಂತ ಈಚಿನದು ವಿಂಟೇಜ್. ಡ್ರಾಯರ್ ಟೇಬಲಿಂದ ಶುರು ಮಾಡಿ. ಡ್ರಾಯರ್ ಪೂರ್ತಿ ಹೊರಗೆಳೆದು ಮೂಲೆಯಲ್ಲಿ ಹಲ್ಲು ಹಲ್ಲಾಗಿ ಕೂಡಿಸಿರೋ ಡವ್‌ಟೇಲ್ ಜಾಯಿಂಟು ನೋಡಿ. ಕೈಯಲ್ಲಿ ಕೊಯ್ದಿದ್ರೆ ಹಲ್ಲುಗಳು ಒಂದಕ್ಕೊಂದು ಸ್ವಲ್ಪ ವ್ಯತ್ಯಾಸ, ಹಲ್ಲುಗಳ ನಡುವೆ ಕೂರೋ ಮರದ ತುಂಡು (ಪಿನ್ನು) ಸಣ್ಣ, ಪಕ್ಕದಲ್ಲಿ ಆಚಾರಿ ಗೀಚಿದ ಗುರುತಿನ ಗೆರೆ ಕೂಡ ಉಳಿದಿರುತ್ತೆ. ಎಲ್ಲಾ ಒಂದೇ ಅಳತೆ, ಒಂದೇ ಅಂತರ ಇದ್ರೆ ಮೆಷಿನ್ನಿಂದು. ಹಲ್ಲಿನ ಬದಲು ಅರ್ಧಚಂದ್ರ, ಅದರ ನಡುವೆ ಗುಂಡು ಗೂಟ ಕಂಡ್ರೆ ಅದು ನ್ಯಾಪ್ ಜಾಯಿಂಟು, ಅಮೆರಿಕದಲ್ಲಿ ಹೆಚ್ಚುಕಮ್ಮಿ 1870ರಿಂದ 1900ರವರೆಗೆ ಬಳಸ್ತಿದ್ದದ್ದು. ಅದಿದ್ರೆ ಕಾಲ ಹೇಳೋದು ಸುಲಭ. ಮೆಷಿನ್ ಜಾಯಿಂಟು ಅಂದಾಕ್ಷಣ ಕಳಪೆ ಅಂತಲ್ಲ ಮತ್ತೆ, ಅದೂ ಗಟ್ಟಿಯೇ.

ಸ್ಕ್ರೂ ನೋಡಿ. ತಲೆ ಮೇಲೆ ಪ್ಲಸ್ ಗುರುತಿನ ಸ್ಕ್ರೂ ಚಾಲ್ತಿಗೆ ಬಂದಿದ್ದೇ 1930ರ ದಶಕದಲ್ಲಿ. ಒಂದು ಸ್ಕ್ರೂ ಬದಲಾಯಿಸಿರಬಹುದು, ಅದು ಸಹಜ. ಆದ್ರೆ ಎಲ್ಲಾ ಕಡೆ ಅದೇ ಇದ್ದು, ಪಕ್ಕದಲ್ಲಿ ಹಳೇ ತೂತು ಒಂದೂ ಇಲ್ಲದಿದ್ರೆ ನೂರು ವರ್ಷದ ಮಾತು ನಿಲ್ಲಲ್ಲ. ಇದಕ್ಕೆ ಉಲ್ಟಾ, ಅಡಿಯಲ್ಲಿ ಉಪಯೋಗವೇ ಇಲ್ಲದ ತೂತುಗಳು ತುಂಬಾ ಇದ್ರೆ ಒಂದು ಟೇಬಲಿನ ಹಲಗೆ, ಇನ್ನೊಂದರ ಕಾಲು ಸೇರಿಸಿದ್ದಾರೆ ಅನ್ನೋ ಅನುಮಾನ ಇಟ್ಕೊಳ್ಳಿ. ಬಣ್ಣವೂ ಹೇಳುತ್ತೆ: ಗಾಳಿ ಬಡಿದ ಕಡೆ ಮರ ಕಂದು ಬೂದು ಆಗಿ, ಚೌಕಟ್ಟು ಮುಚ್ಚಿಕೊಂಡಿದ್ದ ಕಡೆ ತಿಳಿಯಾಗಿ ಉಳಿದಿರಬೇಕು. ಅಡಿಯೆಲ್ಲಾ ಒಂದೇ ಸಮ ಗಾಢ ಬಣ್ಣ, ಬ್ರಷ್ಷಿನ ಸೋರಿಕೆ ಕಂಡ್ರೆ ಯಾರೋ ಬಳಿದಿದ್ದಾರೆ.

ದುಂಡು ಟೇಬಲಿಗೆ ಟೇಪ್ ಒಂದೇ ಸಾಕು. ಮರ ಅದರ ಎಳೆಯ (ನಾರಿನ ಗೆರೆಯ) ಉದ್ದಕ್ಕೆ ಹೆಚ್ಚುಕಮ್ಮಿ ಕುಗ್ಗಲ್ಲ, ಅಡ್ಡಕ್ಕೆ ಕುಗ್ಗುತ್ತೆ. ಹಾಗಾಗಿ ಹಳೇ ದುಂಡು ಹಲಗೆ ಅಳೆದ್ರೆ ಪೂರ್ತಿ ದುಂಡಾಗಿರೋದೇ ಇಲ್ಲ. ಎಳೆಯ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಅಳೀರಿ. 20 ಇಂಚಿನ ಹಲಗೆಯಲ್ಲಿ ಅಡ್ಡಕ್ಕೆ ಕಾಲಿಂಚು ಹತ್ತಿರ ಕಮ್ಮಿ ಬಂದ್ರೆ ಒಳ್ಳೇ ಲಕ್ಷಣ. ಆಮೇಲೆ ಬಗ್ಗಿ, ಮೂರು ಕಾಲು ನಡುಗಂಬಕ್ಕೆ ಸೇರೋ ಜಾಗಕ್ಕೆ ಟಾರ್ಚ್ ಬಿಡಿ. ಇಂಥ ಟೇಬಲ್ ಮುರಿಯೋದು ಅಲ್ಲೇ. ಕಂಬದ ಬುಡದಲ್ಲಿ ಉದ್ದಕ್ಕೆ ಸೀಳು ಬಂದಿದೆಯಾ, ಅಂಟು ಹೊರಗೆ ಸೋರಿ ಗಟ್ಟಿಯಾಗಿದೆಯಾ ನೋಡಿ. ಅಡಿಯಲ್ಲಿ ಮೂರು ಕೈಯ ಕಬ್ಬಿಣದ ಪಟ್ಟಿ ಇರಬಹುದು, ಅದು ಬಲಕ್ಕೆ ಅಂತ ಮೊದಲಿಂದ ಇದ್ದದ್ದೂ ಇರಬಹುದು, ಮುರಿದದ್ದನ್ನ ಮುಚ್ಚೋಕೆ ಆಮೇಲೆ ಹಾಕಿದ್ದೂ ಇರಬಹುದು. ಇನ್ನೊಂದು ಮಾತು, ಮೂರು ಕಾಲಿನ ಟೇಬಲ್ ಯಾವ ನೆಲದ ಮೇಲೂ ಕುಂಟಲ್ಲ, ಆದ್ರೆ ಎರಡು ಕಾಲಿನ ನಡುವಿನ ಅಂಚಿಗೆ ಭಾರ ಬಿದ್ರೆ ಮಗುಚುತ್ತೆ. ಅಂಗಡೀಲೇ ಆ ಜಾಗ ಒತ್ತಿ ನೋಡಿ. ಪುಟ್ಟ ಮಕ್ಕಳು ಹಿಡಿದು ಎದ್ದು ನಿಲ್ಲೋ ಮನೇಲಿ ಇದು ಬೇಡವೇ ಬೇಡ.

ಮಾರ್ಬಲ್ ಟೇಬಲ್ ಬಗ್ಗೆ ಜಾಸ್ತಿ ಇಲ್ಲ. ಕಾಲಿಗೆ ಅಯಸ್ಕಾಂತ ತಾಗಿಸಿ, ಅಂಟಿಕೊಂಡ್ರೆ ಒಳಗೆ ಕಬ್ಬಿಣ, ಮೇಲೆ ಹಿತ್ತಾಳೆ ಲೇಪ ಮಾತ್ರ. 18 ಇಂಚು ಚೌಕ, 2 ಸೆಂಟಿಮೀಟರ್ ದಪ್ಪದ ಹಲಗೆಯೇ 11 ಕೆಜಿ ದಾಟುತ್ತೆ, ಸಾಗಿಸುವಾಗ ಮಲಗಿಸದೆ ನಿಲ್ಲಿಸಿ ಹಿಡೀಬೇಕು, ಇಲ್ಲಾಂದ್ರೆ ನಡುವೆ ಬಿರುಕು ಬಿಡುತ್ತೆ. ನಿಂಬೆರಸ, ವಿನೆಗರ್ ಬಿದ್ರೆ ಹೊಳಪು ತಿಂದುಹಾಕುತ್ತೆ, ಒರೆಸಿದ್ರೆ ಹೋಗಲ್ಲ.

ಕುಟ್ಟೆ ಹುಳದ ವಿಷಯ ಮಾತ್ರ ಗಮನ ಇಟ್ಟು ಕೇಳಿ. ಒಂದೆರಡು ಮಿಲಿಮೀಟರಿನ ದುಂಡು ತೂತುಗಳು ಹಳೇ ಮರದಲ್ಲಿ ಸಾಮಾನ್ಯ, ತೂತು ಕಂಡಾಕ್ಷಣ ಹೆದರಬೇಡಿ. ತೂತಿನ ಒಳಗೆ ಕಪ್ಪಾಗಿ ಧೂಳು ಕೂತಿದ್ರೆ ಹಳೇ ಕತೆ. ಒಳಗೆ ಬೆಳ್ಳಗೆ, ಅಂಚು ಚೂಪಾಗಿದ್ದು, ತಟ್ಟಿದಾಗ ಹಿಟ್ಟಿನ ಹಾಗೆ ಪುಡಿ ಉದುರಿದ್ರೆ ಹುಳ ಇನ್ನೂ ಒಳಗಿದೆ. ಪುಡಿ ಬದಲು ಆರು ಮೂಲೆಯ ಸಣ್ಣ ಕಾಳಿನಂಥದ್ದು ಬಿದ್ರೆ ಅದು ಒಣಮರದ ಗೆದ್ದಲು. ತಗೊಂಡ ಮೇಲೂ ಬೇರೆ ಸಾಮಾನಿಂದ ದೂರ ಇಟ್ಟು, ಅಡಿಗೆ ಕಪ್ಪು ಕಾಗದ ಹಾಸಿ ಎರಡು ಮೂರು ವಾರ ಬಿಡಿ. ಕಾಗದ ಖಾಲಿ ಇದ್ರೂ ಪೂರ್ತಿ ಖಾತ್ರಿ ಅಂತಲ್ಲ, ಮರಿಹುಳ ಒಳಗೇ ಎರಡು ಮೂರು ವರ್ಷ ತಿನ್ನುತ್ತಾ ಇರುತ್ತೆ, ಬೆಚ್ಚಗಿನ ಕಾಲದಲ್ಲಿ ಮತ್ತೆ ನೋಡ್ತಿರಿ. ಪಾಲಿಶ್ ಮೇಲಿಂದ ಔಷಧಿ ಸವರಿದ್ರೆ ಒಳಗೆ ಇಳಿಯಲ್ಲ, ಅಡಿಯ ಬರೀ ಮರಕ್ಕೇ ಹಚ್ಚಬೇಕು. ಇಲ್ಲೇ ಒಂದು ಸೂಕ್ಷ್ಮ ಇದೆ: ಹುಳ ಹೊರಬರೋದು ದುಂಡು ತೂತಿಂದ ಮಾತ್ರ. ಮೇಲ್ಮೈ ಮೇಲೆ ಅಡ್ಡಾದಿಡ್ಡಿ ಕಾಲುವೆ ತೆರೆದು ಕಾಣ್ತಿದ್ರೆ, ಹುಳ ತಿಂದ ಮೇಲೆ ಆ ಮರ ಕೊಯ್ದಿದ್ದಾರೆ ಅಥವಾ ಉಜ್ಜಿದ್ದಾರೆ, ಅಂದ್ರೆ ಹಳೇ ತೊಲೆಯಿಂದ ಹೊಸ ಟೇಬಲ್ ಮಾಡಿರೋ ಸಾಧ್ಯತೆ ಜಾಸ್ತಿ.

ಪಾಲಿಶ್ ಯಾವುದು ಅಂತ ತಿಳಿಯೋಕೆ, ಅವರ ಒಪ್ಪಿಗೆ ತಗೊಂಡು, ಕಾಣದ ಜಾಗದಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಮುಟ್ಟಿಸಿ. ಒಂದು ನಿಮಿಷದೊಳಗೆ ಅಂಟು ಅಂಟಾದ್ರೆ ಅರಗಿನ ಪಾಲಿಶ್. ಬಿಸಿ ಲೋಟ ಇಟ್ರೆ ಬಿಳಿ ಉಂಗುರ ಬೀಳುತ್ತೆ, ಆದ್ರೆ ಸರಿ ಮಾಡೋಕೂ ಅದೇ ಸುಲಭ. ದಯವಿಟ್ಟು ಸ್ಯಾಂಡ್‌ಪೇಪರ್ ಹಾಕಿ ಕೆರೆಸಬೇಡಿ, ಮೇಲೆ ಅಂಟಿಸಿದ ತೆಳ್ಳನೆ ಮರದ ಹಾಳೆ (ವೆನೀರ್) ಇದ್ರೆ ಅದೇ ಹರಿದು ಹೋಗುತ್ತೆ. ಹಳೇ ಪೇಂಟ್ ಇದ್ರಂತೂ ಉಜ್ಜಲೇಬೇಡಿ, ಅದರಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳಿಗೆ ತುಂಬಾ ಕೆಟ್ಟದ್ದು. ವರ್ಷಕ್ಕೆ ಒಂದೆರಡು ಸಲ ತೆಳ್ಳಗೆ ಮೇಣ ಸವರಿ ಒರೆಸಿದ್ರೆ ಸಾಕು. ಸಿಲಿಕೋನ್ ಇರೋ ಸ್ಪ್ರೇ ಬೇಡ, ಮುಂದೆ ಪಾಲಿಶ್ ಮಾಡಿಸುವಾಗ ಅದರ ಮೇಲೆ ಪಾಲಿಶ್ ಕೂರದೆ ಗುಳಿ ಗುಳಿ ಬೀಳುತ್ತೆ.

ದಿನಾ ಬಳಸೋಕೆ ನನ್ನ ಓಟು ಡ್ರಾಯರ್ ಟೇಬಲಿಗೆ, ನೂರು ವರ್ಷ ಆಗಿರದಿದ್ರೂ ಸರಿ. ಜಾಯಿಂಟು ಗಟ್ಟಿ ಇರೋ ಅರವತ್ತು ವರ್ಷದ ತೇಗದ ಟೇಬಲ್, ವಾಲಾಡೋ ಆಂಟಿಕ್‌ಗಿಂತ ಎಷ್ಟೋ ಮೇಲು. ಡ್ರಾಯರ್ ಬಿಗಿ ಅನಿಸಿದ್ರೆ ಓಡೋ ಪಟ್ಟಿಗೆ ಮೇಣದಬತ್ತಿ ಉಜ್ಜಿ, ಸರಿಹೋಗುತ್ತೆ. ಮುಂಗಡ ಕೊಡೋ ಮುಂಚೆ ಮಾರೋರ ಹತ್ರ ನಾಲ್ಕು ಫೋಟೋ ಕೇಳಿ ಇಲ್ಲಿ ಹಾಕಿ: ಪೂರ್ತಿ ಅಡಿಭಾಗ, ಡ್ರಾಯರಿನ ಒಂದು ಮೂಲೆ ಹತ್ತಿರದಿಂದ, ಹಲಗೆ ಹಿಡಿದಿರೋ ಸ್ಕ್ರೂಗಳು, ಕಾಲಿನ ತುದಿ. ನೆಲದಿಂದ ಸೋಫಾ ಕೈವರೆಗಿನ ಅಳತೆಯೂ ಜೊತೆಗೇ ಕಳಿಸಿ.