ಎರಿ ಮಣ್ಣಾಗ ಕೇಪಳದ ಚಿಗುರು ಹಳದಿ ಆಗ್ಯಾವ, ಬೆಳೆಸಿದವರು ಹೇಳ್ರಿ

ಹೊಸ ಮನಿ, ಕಲಬುರಗಿ: ಮನಿ ಮುಂದಿನ ಎರಿ (ಕಪ್ಪು) ಮಣ್ಣಾಗ ಮೂರು ಕೇಪಳದ ಗಿಡ ಹಚ್ಚಿ ಐದು ತಿಂಗಳಾತು. ನರ್ಸರಿಯವರು ಇಕ್ಸೋರಾ ಅಂತಾರಲ್ಲ, ಅದೇ. ಹೊಸ ಎಲಿ ಹಳದಿ, ನರ ಅಷ್ಟೇ ಹಸಿರು. ಬೋರ್ ನೀರು ಹಾಕ್ತೀವಿ. ಉಳಿಸ್ಲೋ, ಕೀಳ್ಲೋ?

ಫರ್ಸಿ ಅಂಗಳ, ಶಹಾಬಾದ್: ಹಳೆ ಎಲಿ ಹಸಿರಿದ್ದು ಚಿಗುರು ಅಷ್ಟೇ ಹಳದಿ ಆದ್ರ ಕಬ್ಬಿಣದ ಕೊರತಿ. ಮಣ್ಣಾಗ ಕಬ್ಬಿಣ ಇದ್ದೇ ಇರ್ತದ, ಸುಣ್ಣ ಅದನ್ನ ಬೇರಿಗೆ ಸಿಗಗೊಡಂಗಿಲ್ಲ. ನಮ್ಮ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತಿ) 8.4, ಅಂದ್ರ ಕ್ಷಾರ. ಅನ್ನಭೇದಿ (ಫೆರಸ್ ಸಲ್ಫೇಟ್) ಗಿಡಕ್ಕ 50 ಗ್ರಾಂನಂಗ ನಾಲ್ಕು ಸಲ ಬುಡಕ್ಕ ಹಾಕಿದ್ದು ತುಕ್ಕಾಗಿ ಅಲ್ಲೇ ಕುಂತದ. ಆಮ್ಯಾಲ 380 ರೂಪಾಯಿದು ಇಡಿಟಿಎ ಕಬ್ಬಿಣ (ರಸಾಯನಕ್ಕ ಕಟ್ಟಿದ ಕಬ್ಬಿಣದ ಪುಡಿ) ತಂದ್ವಿ. ಅದೂ ಇಂಥ ಮಣ್ಣಾಗ ನಿಲ್ಲಂಗಿಲ್ಲ. ಕಡೀಕ ಹಿಡಿದದ್ದು ಸುಣ್ಣದ ಮಣ್ಣಾಗೂ ನಿಲ್ಲೋ ಇಡಿಡಿಎಚ್‌ಎ ಕಬ್ಬಿಣ, ಅರ್ಧ ಕಿಲೋಕ್ಕ 650. ಗಿಡಕ್ಕ 5 ಗ್ರಾಂ, ಐದು ಲೀಟರ್ ನೀರಾಗ ಕರಗಿಸಿ ಸಂಜಿ ಮುಂದ ಹಾಕಿ, ಮ್ಯಾಲ ಮಣ್ಣು ಎಳೀಬೇಕು, ಬಿಸಿಲಿಗೆ ಕೆಡ್ತದ. ಮೂರು ವಾರಕ್ಕ ಹಸಿರು ಚಿಗುರು ಬಂದಾವ.

ಮಸಾರಿ, ಬೀದರ್: ಪುಡಿಗೆ ರೊಕ್ಕ ಸುರಿಯೋದು ಯಾಕ್ರಿ, ಮಣ್ಣೇ ಬದಲಿ ಮಾಡ್ರಿ. ಇಲ್ಲಿ ಜಂಬಿಟ್ಟಿಗೆ ನೆಲದ ಕೆಂಪು ಮಣ್ಣಾಗ ಗಿಡ ಆಳೆತ್ತರ ನಿಂತದ, ಎಲಿಗೊಬ್ಬರ ಬಿಟ್ರ ಏನೂ ಕೇಳಿಲ್ಲ.

ಫರ್ಸಿ ಅಂಗಳ: ಅದೂ ಮಾಡಿ ಆಗ್ಯದ ಅಣ್ಣಾವ್ರೆ. ಕೆಂಪು ಮಣ್ಣಿನ ಟ್ರಾಲಿಗೆ 3,800, ತಗ್ಗು ತೋಡಾಕ 900. ಮಳಿಗಾಲದಾಗ ಎರಿ ಮಣ್ಣಿನ ತಗ್ಗು ಬಾನಿ ಆಗ್ತದ, ನೀರು ಕೆಳಗ ಇಳಿಯಂಗಿಲ್ಲ. ಎರಡು ಗಿಡದ ಬೇರು ಕೊಳೆತು ಹೋದ್ವು. ಬೀದರ್‌ನಾಗ ಕುಂತು ಹೇಳೋದು ಸುಲಭ.

ಮಸಾರಿ: ತಗ್ಗಿನಾಗ ತುಂಬ್ರಿ ಅಂತ ಯಾರು ಅಂದ್ರು? ನೆಲದ ಮ್ಯಾಲ ಒಂದೂವರೆ ಫೂಟು ಎತ್ತರದ ಮಡಿ ಕಟ್ಟಬೇಕು. ಎರಡು ಪಾಲು ಮಸಾರಿ (ಕೆಂಪು ಮಣ್ಣು), ಒಂದು ಪಾಲು ಎಲಿಗೊಬ್ಬರ, ಒಂದು ಪಾಲು ಉಸುಕು. ಅಂಚಿಗೆ ಸುಟ್ಟ ಇಟ್ಟಂಗಿ ಇಡ್ರಿ, ಫರ್ಸಿ ಬ್ಯಾಡ. ಫರ್ಸಿ ಅಂದ್ರೇನೇ ಸುಣ್ಣದ ಕಲ್ಲು. ಸಿಮೆಂಟ್ ಗೋಡಿಯಿಂದನೂ ಮೂರು ಫೂಟು ದೂರ ಇರ್ಲಿ.

ಫರ್ಸಿ ಅಂಗಳ: ನಮ್ಮೂರ ಕಲ್ಲಿಗೆ ಹೆಸರಿಡಬ್ಯಾಡ್ರಿ. ಗಿಡ ಕೆಡಿಸಿದ್ದು ನಿಂತ ನೀರು.

ಭೀಮಾ ದಂಡಿ, ಯಾದಗಿರಿ: ನೀವಿಬ್ರೂ ಕಲ್ಲು ಮಣ್ಣು ಅಂತೀರಿ, ಬೋರ್ ನೀರಿನ ಮಾತೇ ಎತ್ತವಲ್ರಿ. ಕೊಡಪಾನದ ಒಳಗ ಬಿಳಿ ಪೊರಿ ಕಟ್ಟೋ ನೀರು ದಿನಾ ಹಾಕಿದ್ರ ಬೀದರ್ ಮಣ್ಣೂ ವರ್ಷೊಪ್ಪತ್ತಿನಾಗ ಸುಣ್ಣ ಹಿಡಿತದ. 20 ಲೀಟರ್ ಬಕೀಟಿಗೆ 4 ಗ್ರಾಂ ನಿಂಬು ಉಪ್ಪು (ಸಿಟ್ರಿಕ್ ಆಸಿಡ್) ಕಲಸಿ ಹಾಕ್ರಿ, ಮಾಳಗಿ ಮ್ಯಾಲಿನ ಮಳಿ ನೀರು ಸಿಕ್ರ ಇನ್ನೂ ಛಲೋ. ತುರ್ತಿಗೆ ಎಲಿಗೆ ಸಿಂಪಡಿಸ್ರಿ: ಲೀಟರಿಗೆ ಅನ್ನಭೇದಿ 5 ಗ್ರಾಂ, ನಿಂಬು ಉಪ್ಪು 1 ಗ್ರಾಂ, ಹದಿನೈದು ದಿನಕ್ಕೊಮ್ಮೆ ಮೂರು ಸಲ, ಇಳಿಹೊತ್ತಿನಾಗ. ಬಿಸಿಲಾಗ ಹೊಡೆದ್ರ ಎಲಿ ಸುಡ್ತದ, ಹೂವಿನ ಮ್ಯಾಲ ಬಿದ್ರ ಕಂದು ಕಲಿ. ಬೂದಿ, ತತ್ತಿ ಸಿಪ್ಪಿ ಹಾಕಬ್ಯಾಡ್ರಿ, ಸುಣ್ಣ ಹೆಚ್ಚಾಗ್ತದ. ಡಿಎಪಿನೂ ಬ್ಯಾಡ, ಅದರ ರಂಜಕ (ಫಾಸ್ಫರಸ್) ಕಬ್ಬಿಣ ಕಟ್ಟಿ ಹಾಕ್ತದ. ಗಂಧಕ ಹಾಕಿ ಮಣ್ಣಿನ ಸುಣ್ಣ ಮುರಿಯೋ ಆಸೆ ಬಿಡ್ರಿ. 100 ಕಿಲೋ ಮಣ್ಣಾಗ 5 ಕಿಲೋ ಸುಣ್ಣ ಇದ್ರ, ಅದನ್ನ ಮುರಿಯಾಕ 1.6 ಕಿಲೋ ಗಂಧಕ ಬೇಕು.

ತಂಗಡಿ ಹೂ, ಸೇಡಂ: ಇಷ್ಟು ಖರ್ಚು ಮಾಡಿ ಗಿಡಕ್ಕ ದವಾಖಾನಿ ನಡೆಸೋದು ಏತಕ್ಕ? ತಂಗಡಿ ಹಚ್ರಿ. ಅದೂ ನಮ್ಮ ನೆಲದ್ದೇ, ವರ್ಷಪೂರ್ತಿ ಹಸಿರು, ಹಳದಿ ಹೂ, ಸುಣ್ಣದ ಮಣ್ಣಾಗೇ ಬೆಳೀತದ. ಬೀಜ ಗಟ್ಟಿ, ಬಿಸಿ ನೀರಾಗ ಒಂದು ರಾತ್ರಿ ನೆನೆಸಿ ಊರ್ರಿ.

ಮಸಾರಿ: ಕೇಳಿದ್ದು ಕೇಪಳ. ರಸ್ತಿ ದಂಡಿ ಗಿಡ ಯಾರು ಕೇಳ್ಯಾರ?

ತಂಗಡಿ ಹೂ: ರಸ್ತಿ ದಂಡಿ ಅಂತ ಕೀಳಾಗಿ ನೋಡಬ್ಯಾಡ್ರಿ. ಅಲ್ಲಿ ಯಾರೂ ನೀರು ಹಾಕಂಗಿಲ್ಲ, ಆದ್ರೂ ಹೂ ಬಿಡ್ತದ.

ಹೊಸ ಮನಿ: ಸುಣ್ಣ ಅದನೋ ಇಲ್ಲೋ ನೋಡಾಕ ಒಂದು ಚಮಚ ಒಣ ಮಣ್ಣಿಗೆ ನಿಂಬಿ ರಸ ಹಿಂಡಿದ್ವಿ, ಬುಸ್ ಅಂತ ನೊರಿ ಬಂತು.

ಭೀಮಾ ದಂಡಿ: ಹಂಗಿದ್ರ ಸುಣ್ಣ ಅದ. ಮಡಿ ಕಟ್ರಿ, ಆದ್ರ ಏಪ್ರಿಲ್, ಮೇದಾಗ ಕೀಳಬ್ಯಾಡ್ರಿ. ಎರಿ ಬಿರುಕು ಬಿಟ್ಟು ಬೇರು ಹರಿತಾವ. ಈಗ ಮಧ್ಯಾಹ್ನದ ಬಿಸಿಲಿಗೆ ನೆರಳು ಬಲಿ ಕಟ್ಟಿ, ಎರಡು ಮಳಿ ಆದ ಮ್ಯಾಲ ಬೇರಿನ ಸುತ್ತಿನ ಹೆಂಟಿ ಒಡೀಲಾರದಂಗ ಎತ್ತಿ ಹಚ್ರಿ.

ಫರ್ಸಿ ಅಂಗಳ: ಮಡಿ ಕಟ್ಟಿದ್ರೂ ಇಡಿಡಿಎಚ್‌ಎ ಡಬ್ಬಿ ಮನ್ಯಾಗಿರ್ಲಿ. ಬೇರು ಮಡಿ ದಾಟಿ ಎರಿಗೆ ಇಳಿದ ವರ್ಷ ಚಿಗುರು ಮತ್ತ ಹಳದಿ ಆಗ್ತದ.