ಬಿಪಿಗೆ ಎರಡು ಔಷಧಿ ಸೇರಿದ ಮಾತ್ರೆ: ಇದ್ದದ್ದನ್ನೇ ಜಾಸ್ತಿ ಮಾಡಿದ್ದರೆ ಸಾಕಿತ್ತಲ್ವಾ?

ಕಿರಿಮಗಳು:
ಅಮ್ಮ ಇಷ್ಟು ದಿನ ಆಮ್ಲೋಡಿಪಿನ್ 5 ಒಂದೇ ತೆಗೆದುಕೊಳ್ಳುತ್ತಿದ್ದರು. ಆದರೂ ಮೇಲಿನ ಅಂಕಿ 150ರ ಆಸುಪಾಸಲ್ಲೇ ಕೂತಿತ್ತು. ಈಗ ಡಾಕ್ಟರು ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5 ಎರಡೂ ಸೇರಿರುವ ಮಾತ್ರೆ ಬರೆದಿದ್ದಾರೆ. "ಕಾಯಿಲೆ ಕೈ ಮೀರಿದೆ, ಅದಕ್ಕೇ ಎರಡೆರಡು ಔಷಧಿ" ಅಂತ ಅಮ್ಮ ಮುಖ ಸಣ್ಣ ಮಾಡಿಕೊಂಡಿದ್ದಾರೆ. ಆಮ್ಲೋಡಿಪಿನ್ನನ್ನೇ 10 ಮಾಡಿದ್ದರೆ ಆಗುತ್ತಿರಲಿಲ್ವಾ? ಸಂಜೆ ಹೊತ್ತಿಗೆ ಪಾದ ಬೇರೆ ಊದುತ್ತದೆ, ಕಾಲುಚೀಲ ತೆಗೆದರೆ ಆಳವಾದ ಗೆರೆ. ಹಳೆ ಸ್ಟ್ರಿಪ್ ಕೂಡ ಅರ್ಧ ಉಳಿದಿದೆ.

ಔಷಧಿ ಕೌಂಟರ್:
ಫಾರ್ಮಸಿಸ್ಟ್ ನಾನು. ಈ ಪ್ರಶ್ನೆ ದಿನಾ ಕೇಳುತ್ತೇನೆ. ಮೊದಲು ಅಮ್ಮನಿಗೆ ಹೇಳಿ, ಎರಡು ಔಷಧಿ ಅಂದರೆ ಕೈ ಮೀರಿದೆ ಅಂತಲ್ಲ. ಹೆಚ್ಚಿನವರಿಗೆ ಒಂದು ಸಾಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಶುರುವಿನಲ್ಲೇ ಎರಡು ಔಷಧಿ ಕೊಡಬಹುದು, ಆದಷ್ಟೂ ಒಂದೇ ಮಾತ್ರೆಯಲ್ಲಿ ಕೊಡಿ ಅನ್ನುತ್ತದೆ.

ಡೋಸ್ ಡಬಲ್ ಮಾಡಿದರೆ ಬಿಪಿ ಇನ್ನು ಸ್ವಲ್ಪವೇ ಇಳಿಯುತ್ತದೆ, ಊತ ಮಾತ್ರ ಚೆನ್ನಾಗಿ ಏರುತ್ತದೆ. ಬೇರೆ ದಾರಿಯಲ್ಲಿ ಕೆಲಸ ಮಾಡುವ ಎರಡನೆಯದು ಸೇರಿಸಿದರೆ ಸಿಗುವ ಹೆಚ್ಚುವರಿ ಇಳಿಕೆ, ಡಬಲ್ ಮಾಡಿದಾಗಿನದಕ್ಕಿಂತ ಸುಮಾರು 5 ಪಟ್ಟು. ಹಲವು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿ 2009ರಲ್ಲಿ ಪ್ರಕಟಿಸಿದ ಅಂಕಿ ಇದು.

ಊತದ ವಿಷಯ ಇನ್ನೂ ಸ್ವಾರಸ್ಯ. ಆಮ್ಲೋಡಿಪಿನ್ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸುತ್ತದೆ. ವಾಪಸ್ ಒಯ್ಯುವ ನಾಳಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ನಡುವೆ ಒತ್ತಡ ಏರಿ ನೀರು ಹೊರಗೆ ಜಿನುಗುತ್ತದೆ, ಕಣಕಾಲು ಊದುತ್ತದೆ. ಟೆಲ್ಮಿಸಾರ್ಟನ್ ವಾಪಸ್ ದಾರಿಯನ್ನೂ ಸಡಿಲಿಸುವುದರಿಂದ ಎಷ್ಟೋ ಜನರಿಗೆ ಊತ ಇಳಿಯುತ್ತದೆ. ಈ ಊತಕ್ಕೆ ನೀರು ಹೋಗುವ ಮಾತ್ರೆ ಅಷ್ಟಾಗಿ ಕೆಲಸ ಮಾಡಲ್ಲ, ಸುಮ್ನೆ ನುಂಗಿಸಬೇಡಿ. ಒಂದೇ ಕಾಲು ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಹಳೆ ಸ್ಟ್ರಿಪ್ ಪಕ್ಕಕ್ಕಿಡಿ. ಎರಡನ್ನೂ ತೆಗೆದುಕೊಂಡರೆ ಆಮ್ಲೋಡಿಪಿನ್ 10 ಆಗಿಬಿಡುತ್ತದೆ. ಕೌಂಟರ್‌ನಲ್ಲಿ ನಾನು ಜಾಸ್ತಿ ಹೆದರುವುದು ಇದಕ್ಕೇ.

ಹೆಬ್ಬೆರಳು ನೋವು:
ಮಾತ್ರೆಯ ಹೆಸರಿನ ಬಾಲ ನೋಡಿಕೊಳ್ಳಿ. ನನ್ನದು ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಅನ್ನೋ ನೀರು ಹೋಗುವ ಔಷಧಿ ಇದ್ದದ್ದು. ಬಿಪಿ ಚೆನ್ನಾಗೇ ಇಳಿಯಿತು, ಆದರೆ ಯೂರಿಕ್ ಆಸಿಡ್ ಏರಿ ಹೆಬ್ಬೆರಳಿಗೆ ಹೊದಿಕೆ ತಾಗಿದರೂ ಜೀವ ಹೋಗುತ್ತಿತ್ತು. ಜೋಡಿ ಮಾತ್ರೆಯಲ್ಲಿ ಒಂದನ್ನಷ್ಟೇ ಕಮ್ಮಿ ಮಾಡಕ್ಕಾಗಲ್ಲ, ಮಾತ್ರೆಯನ್ನೇ ಬದಲಾಯಿಸಬೇಕಾಯಿತು. ನನಗೇನೋ ಬಿಡಿ ಮಾತ್ರೆಗಳೇ ವಾಸಿ.

ಔಷಧಿ ಕೌಂಟರ್:
ಡೋಸ್ ಹೊಂದಿಸುವಾಗ ಬಿಡಿ ಮಾತ್ರೆ ಸರಿ, ಒಪ್ಪುತ್ತೇನೆ. ಆಮೇಲೆ ಒಂದೇ ಮಾತ್ರೆ ವಾಸಿ. ಮಾತ್ರೆ ಜಾಸ್ತಿಯಾದಷ್ಟೂ ಜನ ಬಿಡುವುದೂ ಜಾಸ್ತಿ.

ಕಿರಿಮಗಳು ಅವರೇ, ಟೆಲ್ಮಿಸಾರ್ಟನ್ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು. ಕೆಲವು ವಾರ ಬಿಟ್ಟು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ಅಂಕಿ), ಪೊಟ್ಯಾಸಿಯಂ ಎರಡನ್ನೂ ಪರೀಕ್ಷೆ ಮಾಡಿಸಿ. ಮಂಡಿನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಅವರಾಗೇ ತೆಗೆದುಕೊಳ್ಳುವುದು ಬೇಡ. ಬಿಪಿಯೂ ಏರುತ್ತದೆ, ಕಿಡ್ನಿಗೂ ಹೊರೆ. ಮನೆಯಲ್ಲಿ 'ಸೋಡಿಯಂ ಕಮ್ಮಿ' ಉಪ್ಪು ಬಳಸುತ್ತೀರಾ?

ಕಿರಿಮಗಳು:
ಹೌದು! ಬಿಪಿ ಅಂತಲೇ ತಂದದ್ದು. ಈಗ ಡಬ್ಬಿ ತಿರುಗಿಸಿ ನೋಡಿದೆ, ಪೊಟ್ಯಾಸಿಯಂ ಕ್ಲೋರೈಡ್ ಅಂತಿದೆ.

ಔಷಧಿ ಕೌಂಟರ್:
ಅದೇ. ಡಾಕ್ಟರಿಗೆ ನಾಳೆಯೇ ಹೇಳಿ, ಅಲ್ಲಿವರೆಗೆ ಆ ಡಬ್ಬಿ ಬೇಡ. ಮಾತ್ರೆ ಮಾತ್ರ ನಿಲ್ಲಿಸಬೇಡಿ.